ಡ್ಯೂಟಿಯಲ್ಲಿ ಪೆಟ್ಟಾದ ಅಗ್ನಿಶಾಮಕ ಸಿಬ್ಬಂದಿಗೆ ಪಗಾರದ ರಜೆ, ಪರಿಹಾರ: ಠಾಣೆಯ ಡೈರಿಯಿಂದ ಕೋರ್ಟಿನವರೆಗೆ

ಫೈರ್ ಸ್ಟೇಷನ್ನಿನವರಿಗೆ ಪೆಟ್ಟಾಯಿತು ಅಂದರೆ ಬೆಂಕಿಯಲ್ಲಿ ಸುಟ್ಟಿರಬೇಕು ಅಂತಲೇ ಜನ ತಿಳಿಯುತ್ತಾರೆ. ಬೆಳಗಾವಿ, ಬಾಗಲಕೋಟೆ, ವಿಜಯಪುರದ ಠಾಣೆಗಳಲ್ಲಿ ಕೆಲಸ ಮಾಡಿದವರನ್ನು ಕೇಳಿ ನೋಡಿ, ಬೇರೆಯೇ ಪಟ್ಟಿ ಹೇಳುತ್ತಾರೆ. ಬಾವಿಗೆ ಬಿದ್ದ ಎಮ್ಮೆ ಎತ್ತುವಾಗ ಹಗ್ಗ ಜಾರಿ ಅಂಗೈ ಕಿತ್ತು ಬರುತ್ತದೆ. ಕಬ್ಬಿಗೆ ಬೆಂಕಿ ಹತ್ತಿದಾಗ ಹೊಗೆಯಲ್ಲಿ ಕಾಲುವೆ ಕಾಣದೆ ಮೊಣಕಾಲು ತಿರುಗುತ್ತದೆ. ಕೃಷ್ಣಾ ಹೊಳೆ ತುಂಬಿದಾಗ ಬೋಟ್ ಮಗುಚುತ್ತದೆ. ಹತ್ತಿ ಜಿನ್ನಿಂಗ್ ಫ್ಯಾಕ್ಟರಿಯ ಹೊಗೆ ಕುಡಿದು ವಾರಗಟ್ಟಲೆ ಕೆಮ್ಮು. 2024ರ ಏಪ್ರಿಲ್‌ನಲ್ಲಿ ಇಂಡಿ ತಾಲ್ಲೂಕಿನ ಲಚ್ಯಾಣದಲ್ಲಿ ಕೊಳವೆಬಾವಿಗೆ ಬಿದ್ದ ಮಗುವನ್ನು ಸುಮಾರು 20 ಗಂಟೆ ಅಗೆದು ಜೀವಂತ ತೆಗೆದದ್ದು ಎಲ್ಲರಿಗೂ ನೆನಪಿದೆ. ಅಂಥ ಕೆಲಸದಲ್ಲಿ ಸೊಂಟ ಹಿಡಿದುಕೊಂಡರೆ ಆಮೇಲೆ ಏನು ಗತಿ ಅಂತ ಯಾರೂ ಕೇಳುವುದಿಲ್ಲ.

ಗತಿ ಸಾಮಾನ್ಯವಾಗಿ ಹೀಗೆ. ಠಾಣೆಯಲ್ಲಿ ಒಬ್ಬ ಹಿರಿಯರು ಹೆಗಲ ಮೇಲೆ ಕೈ ಇಟ್ಟು, "ಏ ತಮ್ಮಾ, ಸುಮ್ನ ಇ.ಎಲ್. ಹಾಕಿಬಿಡು, ಪಗಾರ ಬರ್ತದ, ಯಾಕ ತಲಿ ಕೆಡಿಸ್ಕೋತಿ" ಅನ್ನುತ್ತಾರೆ. ಒಳ್ಳೆ ಮನಸ್ಸಿನಿಂದಲೇ ಹೇಳುತ್ತಾರೆ. ಆದರೆ ಆ ಒಂದು ಅರ್ಜಿಯಿಂದ ಡ್ಯೂಟಿಯ ಪೆಟ್ಟು ಮನೆಯ ಜ್ವರವಾಗಿಬಿಡುತ್ತದೆ. ನೀವು ವರ್ಷಗಟ್ಟಲೆ ಕೂಡಿಟ್ಟ ಗಳಿಕೆ ರಜೆ ಖರ್ಚಾಗುತ್ತದೆ, ಮುಂದೆ ಕೈ ನೆಟ್ಟಗಾಗದಿದ್ದರೆ ಅದು ಡ್ಯೂಟಿಯಲ್ಲೇ ಆದದ್ದು ಅನ್ನುವುದಕ್ಕೆ ಕಾಗದವೇ ಇರುವುದಿಲ್ಲ.

ಠಾಣೆಯ ಕಾಗದಪತ್ರ ಬರೆದುಕೊಡುತ್ತಾ ಇದ್ದವನಾಗಿ ನಾನು ಕಂಡದ್ದು ಇಷ್ಟೇ. ಹಣ ಸಿಗುವುದೋ ಬಿಡುವುದೋ ಅನ್ನುವುದು ಹೆಚ್ಚಿನ ಸಲ ಮೊದಲ ದಿನ ಯಾರು ಏನು ಬರೆದರು ಅನ್ನುವುದರ ಮೇಲೆ ನಿಂತಿರುತ್ತದೆ. ಕೋರ್ಟು, ವಕೀಲರು, ಮೆಡಿಕಲ್ ಬೋರ್ಡ್ ಎಲ್ಲ ಆಮೇಲಿನ ಮಾತು. ಅದಕ್ಕೇ ಮೊದಲ ಎರಡು ಹಂತ ಇಲ್ಲಿ ಉದ್ದವಾಗಿವೆ.

ಶುರು ಮಾಡುವ ಮೊದಲು: ನೀವು ಯಾರ ನೌಕರರು?

ಒಂದೇ ಗಾಡಿಯಲ್ಲಿ ಹೋದ ಇಬ್ಬರಿಗೆ ಬೇರೆ ಬೇರೆ ಕಾನೂನು ಬರಬಹುದು.

ರಾಜ್ಯ ಅಗ್ನಿಶಾಮಕ ಮತ್ತು ತುರ್ತು ಸೇವೆಗಳ ಇಲಾಖೆಯ ಕಾಯಂ ನೌಕರರು, ಅಂದರೆ ಅಗ್ನಿಶಾಮಕ, ಚಾಲಕ, ಪ್ರಮುಖ ಅಗ್ನಿಶಾಮಕ, ಠಾಣಾಧಿಕಾರಿ ಇವರಿಗೆಲ್ಲ ರಜೆ, ಪಗಾರ ಕರ್ನಾಟಕ ನಾಗರಿಕ ಸೇವಾ ನಿಯಮಗಳ ಪ್ರಕಾರ. ನಾವು ಕೆ.ಸಿ.ಎಸ್.ಆರ್. ಅನ್ನುತ್ತೇವಲ್ಲ, ಅದೇ. ಪರಿಹಾರದ ಕಾನೂನು ಬೇರೆ, ಅದಕ್ಕೆ ಕೆಳಗೆ ಬರುತ್ತೇನೆ.

ಹೊರಗುತ್ತಿಗೆಯಲ್ಲಿ ಏಜೆನ್ಸಿ ಮೂಲಕ ಬಂದವರಾದರೆ ಮೊದಲು ಪೇ ಸ್ಲಿಪ್ ತೆಗೆದು ಇ.ಎಸ್.ಐ., ಅಂದರೆ ನೌಕರರ ರಾಜ್ಯ ವಿಮೆಯ ಹಣ, ಕಟ್ ಆಗುತ್ತಿದೆಯಾ ನೋಡಿ. ತಿಂಗಳಿಗೆ 21,000 ರೂಪಾಯಿವರೆಗಿನ ಪಗಾರದವರಿಗೆ ಇ.ಎಸ್.ಐ. ಬರುತ್ತದೆ, ನಿಮ್ಮಿಂದ ಶೇ 0.75, ಮಾಲೀಕರಿಂದ ಶೇ 3.25. ಕೆಲಸದ ಮೇಲೆ ಪೆಟ್ಟಾಗಿ ಕೆಲಸಕ್ಕೆ ಬರಲಾಗದಿದ್ದರೆ ಪಗಾರದ ಸುಮಾರು ಶೇ 90ರಷ್ಟು ಸಿಗುತ್ತದೆ, ಅದಕ್ಕೆ ಇಷ್ಟು ತಿಂಗಳು ವಂತಿಗೆ ಕಟ್ಟಿರಬೇಕು ಅನ್ನುವ ಷರತ್ತಿಲ್ಲ. ಕೆಲಸಕ್ಕೆ ಸೇರಿದ ಮೊದಲ ದಿನ ಪೆಟ್ಟಾದರೂ ನಡೆಯುತ್ತದೆ. ಆದರೆ ಇ.ಎಸ್.ಐ. ಇದ್ದವರು ಅದೇ ಪೆಟ್ಟಿಗೆ ನೌಕರರ ಪರಿಹಾರ ಕಾಯ್ದೆಯ (ಹಂತ 5ರಲ್ಲಿದೆ) ಕೆಳಗೆ ಮತ್ತೆ ಮಾಲೀಕರ ಮೇಲೆ ಹೋಗುವಂತಿಲ್ಲ. ಕಟ್ ಆಗುತ್ತಿಲ್ಲವಾದರೆ ನೇರ ಪರಿಹಾರ ಕಾಯ್ದೆಗೆ ಬನ್ನಿ. ಅಲ್ಲಿ ಏಜೆನ್ಸಿಯವನು ಕೈ ಎತ್ತಿದರೂ ಕೆಲಸ ಮಾಡಿಸಿಕೊಂಡ ಮೂಲ ಸಂಸ್ಥೆ ಜವಾಬ್ದಾರಿ ತಪ್ಪಿಸಿಕೊಳ್ಳಲಾಗದು.

ಸಕ್ಕರೆ ಕಾರ್ಖಾನೆ, ಸಿಮೆಂಟ್ ಕಾರ್ಖಾನೆಯ ಸ್ವಂತ ಫೈರ್ ಸಿಬ್ಬಂದಿಗೂ ಇದೇ ಎರಡು ದಾರಿ. ಕೆ.ಸಿ.ಎಸ್.ಆರ್. ಭಾಗ ಅವರಿಗಿಲ್ಲ.

ಹಂತ 1: ಠಾಣೆಗೆ ಮರಳುವ ಮೊದಲೇ ಹೇಳಿ, ಅದೇ ಪಾಳಿಯಲ್ಲಿ ಬರೆಸಿ

"ಏನಿಲ್ಲ ಬಿಡ್ರಿ ಸಾಹೇಬ್ರ, ಸಣ್ಣದು" ಅನ್ನುವ ಚಟ ನಮ್ಮವರಿಗೆ ಜಾಸ್ತಿ. ಬಿಡಿ ಅದನ್ನು. ಮೊಣಕಾಲು, ಸೊಂಟ, ಭುಜ ಆ ಹೊತ್ತಿಗೆ ಬಿಸಿಯಲ್ಲಿ ನೋಯುವುದಿಲ್ಲ, ಮಾರನೆ ದಿನ ಎದ್ದಾಗ ಗೊತ್ತಾಗುತ್ತದೆ. ಹೊಗೆ ಕುಡಿದದ್ದೂ ಹಾಗೆ. ಸ್ಥಳದಲ್ಲಿ ಯಾರು ಇನ್‌ಚಾರ್ಜ್ ಇದ್ದಾರೋ ಅವರಿಗೆ ಅಲ್ಲೇ ಬಾಯಿಮಾತಿನಲ್ಲಿ ಹೇಳಿ. ಠಾಣೆಗೆ ಬಂದ ಮೇಲೆ ದಿನಚರಿಯಲ್ಲಿ ಬರೆಸಿ. ಆ ಕರೆಯ ಫೈರ್ ರಿಪೋರ್ಟ್ ಅಥವಾ ರಕ್ಷಣಾ ವರದಿಯಲ್ಲೂ ಸಿಬ್ಬಂದಿಗೆ ಗಾಯ ಅನ್ನುವುದು ಬರಲೇಬೇಕು. ಎರಡರಲ್ಲಿ ಒಂದರಲ್ಲಿ ಇದ್ದು ಇನ್ನೊಂದರಲ್ಲಿ ಇಲ್ಲದಿದ್ದರೆ ಮುಂದೆ ಅದೇ ದೊಡ್ಡ ಪ್ರಶ್ನೆಯಾಗುತ್ತದೆ.

ಏನು ಬರೆಯಬೇಕು? ಕೆಟ್ಟ ದಾಖಲೆ ಹೀಗಿರುತ್ತದೆ:

"ಸದರಿ ಸಿಬ್ಬಂದಿಗೆ ಕೈನೋವಿನ ಕಾರಣ ಆಸ್ಪತ್ರೆಗೆ ಕಳುಹಿಸಲಾಗಿದೆ."

ಇದರಲ್ಲಿ ಏನಿದೆ ಹೇಳಿ? ಯಾವ ಕೈ, ಯಾಕೆ ನೋವು, ಡ್ಯೂಟಿಗೂ ಅದಕ್ಕೂ ಏನು ಸಂಬಂಧ, ಏನೂ ಇಲ್ಲ. ಅವರು ಬೆಳಿಗ್ಗೆ ಮನೆಯಲ್ಲಿ ಬಿದ್ದು ಬಂದಿದ್ದರೂ ಇದೇ ವಾಕ್ಯ ಬರೆಯಬಹುದಿತ್ತು. ಒಳ್ಳೆಯ ದಾಖಲೆ ಹೀಗೆ:

"ಬೆಳಿಗ್ಗೆ 6.40ಕ್ಕೆ ಬಂದ ಕರೆಯ ಮೇರೆಗೆ ಸ್ಥಳಕ್ಕೆ ತೆರಳಿ, ಬಾವಿಯಲ್ಲಿ ಬಿದ್ದಿದ್ದ ಎಮ್ಮೆಯನ್ನು ಮೇಲೆತ್ತುವ ಕಾರ್ಯದಲ್ಲಿ ತೊಡಗಿದ್ದಾಗ, 7.25ರ ಸುಮಾರಿಗೆ ಹಗ್ಗ ಒಮ್ಮೆಲೇ ಜಗ್ಗಿ, ಇವರ ಬಲಗೈ ಹೆಬ್ಬೆರಳು ಹಗ್ಗ ಮತ್ತು ಬಾವಿಕಟ್ಟೆಯ ಕಲ್ಲಿನ ನಡುವೆ ಸಿಕ್ಕಿ ಜಜ್ಜಿರುತ್ತದೆ. ಸ್ಥಳದಲ್ಲಿ ಪ್ರಮುಖ ಅಗ್ನಿಶಾಮಕರು ಮತ್ತು ಚಾಲಕರು ಹಾಜರಿದ್ದರು. ಕೈಗವಸು ಧರಿಸಿದ್ದರು. 8.10ಕ್ಕೆ ಜಿಲ್ಲಾ ಆಸ್ಪತ್ರೆಗೆ ದಾಖಲಿಸಲಾಗಿದೆ."

ಕರೆ ಬಂದ ಹೊತ್ತು, ಮಾಡುತ್ತಿದ್ದ ಕೆಲಸ, ಪೆಟ್ಟಾದ ರೀತಿ, ದೇಹದ ಯಾವ ಭಾಗ, ಎಡವೋ ಬಲವೋ, ನೋಡಿದವರು ಯಾರು, ಆಸ್ಪತ್ರೆಗೆ ಹೋದ ಹೊತ್ತು. ಇಷ್ಟು ಸಾಕು. ಕೈಗವಸಿನ ಮಾತು ಸುಮ್ನೆ ಬರೆದದ್ದಲ್ಲ. ಕುಡಿದಿದ್ದ, ಅಥವಾ ಸುರಕ್ಷತಾ ಸಾಧನವನ್ನು ಬೇಕಂತಲೇ ಬಿಟ್ಟಿದ್ದ ಅಂತ ತೋರಿಸಿದರೆ ಸಣ್ಣ ಗಾಯದ ಪರಿಹಾರ ತಪ್ಪಿಸಲು ಕಾನೂನಿನಲ್ಲೇ ಜಾಗ ಇದೆ. ಸಾವು ಅಥವಾ ಶಾಶ್ವತ ಪೂರ್ಣ ಅಂಗವೈಕಲ್ಯ ಆದರೆ ಆ ನೆಪ ನಡೆಯುವುದಿಲ್ಲ. ಗವಸು ಹಾಕಿರಲಿಲ್ಲ ಅಂದರೆ ಹಾಕಿದ್ದರು ಅಂತ ಸುಳ್ಳು ಬರೆಸಬೇಡಿ. ಠಾಣೆಯಲ್ಲಿ ಗವಸು ಇರಲೇ ಇಲ್ಲ ಅಂದರೆ ಅದನ್ನೇ ಬರೆಸಿ. ಕೊಡದೇ ಇರುವುದು ನಿಮ್ಮ ತಪ್ಪಲ್ಲ.

ಬರೆಸಿದ ಮೇಲೆ ಆ ಪುಟದ ಫೋಟೋ ಕೇಳಿ. ಕೊಡುವುದಿಲ್ಲ ಅಂದರೆ ಜಗಳ ಬೇಡ, ದಿನಚರಿಯ ತಾರೀಖು ಮತ್ತು ಕ್ರಮಸಂಖ್ಯೆ ಬರೆದಿಟ್ಟುಕೊಳ್ಳಿ. ಆಮೇಲೆ ಮಾಹಿತಿ ಹಕ್ಕಿನಲ್ಲಿ ತೆಗೆಯಬಹುದು, ಅರ್ಜಿಗೆ ಅವರು 30 ದಿನದೊಳಗೆ ಉತ್ತರ ಕೊಡಬೇಕು.

ಹಂತ 2: ಆಸ್ಪತ್ರೆಯಲ್ಲಿ ಬಾಯಿ ಬಿಟ್ಟು ಹೇಳುವ ಮೊದಲ ವಾಕ್ಯ

ಕ್ಯಾಶುಯಲ್ಟಿಯಲ್ಲಿ ಡಾಕ್ಟರು "ಏನಾಯ್ತು?" ಅಂತ ಕೇಳುತ್ತಾರೆ. ನೀವು "ಬಿದ್ದೆ ಸರ್" ಅಂದರೆ ಚೀಟಿಯಲ್ಲಿ ಬಿದ್ದು ಗಾಯ ಅಂತ ಬರುತ್ತದೆ, ಮುಗಿಯಿತು. ಆ ಚೀಟಿ ನಿಮ್ಮ ಜೀವಮಾನ ಪೂರ್ತಿ ನಿಮ್ಮ ಜೊತೆಗಿರುತ್ತದೆ. "ಅಗ್ನಿಶಾಮಕ ಡ್ಯೂಟಿಯಲ್ಲಿ ಎಮ್ಮೆ ಎತ್ತುವಾಗ ಹಗ್ಗಕ್ಕೆ ಸಿಕ್ಕು ಪೆಟ್ಟಾಯಿತು" ಅಂತ ಪೂರ್ತಿ ಹೇಳಿ, ಬರೆದದ್ದನ್ನು ಓದಿ ನೋಡಿ. ಬೆಳಗಾವಿಯಲ್ಲಿ ಬಿಮ್ಸ್ ಸರ್ಕಾರಿ ಆಸ್ಪತ್ರೆ, ಉಳಿದ ಕಡೆ ಜಿಲ್ಲಾ ಆಸ್ಪತ್ರೆ, ಎಲ್ಲಿಗೆ ಹೋದರೂ ಇಷ್ಟು ಕೇಳಿ ಪಡೆಯಿರಿ: ಎಂ.ಎಲ್.ಸಿ. (ಮೆಡಿಕೋ ಲೀಗಲ್ ಕೇಸ್) ನಂಬರ್, ಗಾಯದ ಪ್ರಮಾಣಪತ್ರ, ಎಕ್ಸ್‌ರೇ ಫಿಲಂ, ಡಿಸ್ಚಾರ್ಜ್ ಸಮ್ಮರಿ. ಎಂ.ಎಲ್.ಸಿ. ಅಂದಕೂಡಲೇ ಪೊಲೀಸ್ ಕೇಸು ಅಂತ ಹೆದರುವವರಿದ್ದಾರೆ. ಡ್ಯೂಟಿಯಲ್ಲಿ ಆದ ಪೆಟ್ಟಿಗೆ ಅದು ನಿಮ್ಮ ಪರವಾಗಿ ನಿಲ್ಲುವ ಕಾಗದ.

ತುರ್ತಿನಲ್ಲಿ ಹತ್ತಿರದ ಖಾಸಗಿ ಆಸ್ಪತ್ರೆಗೆ ಸೇರಿಸಿದ್ದರೂ ಪರವಾಗಿಲ್ಲ, ಜೀವ ಮೊದಲು. ಆದರೆ ಎರಡನೇ ದಿನವಾದರೂ ಮನೆಯವರಿಂದ ಠಾಣೆಗೆ ಲಿಖಿತ ಸೂಚನೆ ಹೋಗಲಿ: ಇಂಥ ಆಸ್ಪತ್ರೆ, ಇಂಥ ವಾರ್ಡ್, ತುರ್ತಾಗಿ ಸೇರಿಸಬೇಕಾಯಿತು ಅಂತ. ಕಾರಣ ಮುಂದೆ ಬಿಲ್ಲಿನ ಹಂತದಲ್ಲಿ ಗೊತ್ತಾಗುತ್ತದೆ.

ಕರೆಂಟ್ ಹೊಡೆದಿದ್ದರೆ ಇನ್ನೊಂದು ಕೆಲಸ. ಈ ಮೂರೂ ಜಿಲ್ಲೆಗೆ ಹೆಸ್ಕಾಂ ಕರೆಂಟು. ಲೈನ್ ಬಂದ್ ಮಾಡಿ ಅಂತ ಯಾವಾಗ ಯಾರಿಗೆ ಫೋನ್ ಮಾಡಿದಿರಿ, ಬಂದ್ ಮಾಡಿದ್ದೇವೆ ಅಂತ ಯಾರು ಎಷ್ಟು ಹೊತ್ತಿಗೆ ಹೇಳಿದರು, ಇದು ದಿನಚರಿಯಲ್ಲಿರಲಿ. ವಿದ್ಯುತ್ ಅಪಘಾತವನ್ನು ವಿದ್ಯುತ್ ಪರಿವೀಕ್ಷಕರು ವಿಚಾರಿಸಿ ವರದಿ ಕೊಡುತ್ತಾರೆ, ಆ ವರದಿಯ ಪ್ರತಿಯೂ ಮುಂದೆ ಬೇಕು.

ಹಂತ 3: ರಜೆ ಅರ್ಜಿ. ಇಲ್ಲಿಯೇ ಹೆಚ್ಚಿನವರು ಕೈ ಸುಟ್ಟುಕೊಳ್ಳುವುದು

ನೀವು ಕೇಳಬೇಕಾದ ರಜೆಯ ಹೆಸರು ಸ್ಪೆಷಲ್ ಡಿಸೆಬಿಲಿಟಿ ಲೀವ್. ಕಚೇರಿಯಲ್ಲಿ ಎಲ್ಲರೂ ಹೀಗೇ ಅನ್ನುತ್ತಾರೆ. ಡ್ಯೂಟಿ ಮಾಡುವಾಗ ಅಥವಾ ಡ್ಯೂಟಿಯ ಕಾರಣದಿಂದ ಆದ ಪೆಟ್ಟಿಗೆ ಕೊಡುವ ರಜೆ ಇದು. ಯಾರೋ ಬೇಕಂತಲೇ ಹೊಡೆದು ಗಾಯ ಮಾಡಿದ್ದರೂ ಬರುತ್ತದೆ. ಬೆಂಕಿ ಆರಿಸಲು ತಡವಾಯಿತು ಅಂತ ಜನ ಕಲ್ಲು ತೂರುವುದು ಕಂಡವರಿಗೆ ಗೊತ್ತು.

ಇದರ ಲಾಭ ಏನು? ಗಳಿಕೆ ರಜೆಯ ಖಾತೆಗೆ ಕೈ ಹಾಕುವುದಿಲ್ಲ. ಒಂದು ಪೆಟ್ಟಿಗೆ ಗರಿಷ್ಠ 24 ತಿಂಗಳವರೆಗೆ ಹೋಗಬಹುದು. ಪಿಂಚಣಿಗೆ ಆ ಅವಧಿ ಸೇವೆ ಅಂತಲೇ ಲೆಕ್ಕ. ಪಗಾರದ ಲೆಕ್ಕ ಹೀಗೆ: ಮೊದಲ ಭಾಗಕ್ಕೆ ಪೂರ್ತಿ, ಆಮೇಲಿನ ಭಾಗಕ್ಕೆ ಅರ್ಧ. ಕೇಂದ್ರ ನೌಕರರ 1972ರ ರಜೆ ನಿಯಮದಲ್ಲಿ ಈ ಮೊದಲ ಭಾಗ 120 ದಿನ, ಬೇಕಿದ್ದರೆ ಅರ್ಧ ವೇತನ ರಜೆಯ ಖಾತೆಯಿಂದ ಕಳೆದು ಇನ್ನೂ 120 ದಿನ ಪೂರ್ತಿ ಪಗಾರ ಪಡೆಯಬಹುದು. ನಮಗೆ ಎಷ್ಟು ದಿನ ಅನ್ನುವುದನ್ನು ರಾಜ್ಯದ ನಿಯಮದಲ್ಲೇ ನೋಡಬೇಕು, ಹಾಗಾಗಿ ಅರ್ಜಿ ಬರೆಯುವ ಮೊದಲು ಕಚೇರಿಯ ಗುಮಾಸ್ತರ ಬಳಿ ಕೆ.ಸಿ.ಎಸ್.ಆರ್. ಪುಸ್ತಕ ತೆಗೆಸಿ ಆ ನಿಯಮದ ಸಂಖ್ಯೆಯನ್ನೇ ಅರ್ಜಿಯಲ್ಲಿ ನಮೂದಿಸಿ. ನಿಯಮದ ಸಂಖ್ಯೆ ಇರುವ ಅರ್ಜಿಯನ್ನು ಸುಮ್ಮನೆ ಪಕ್ಕಕ್ಕಿಡಲು ಯಾರಿಗೂ ಧೈರ್ಯ ಬರುವುದಿಲ್ಲ.

ಷರತ್ತು ಎರಡು ಮುಖ್ಯ. ಒಂದು, ಪೆಟ್ಟಿನ ಪರಿಣಾಮ ಘಟನೆಯಾದ ಮೂರು ತಿಂಗಳೊಳಗೆ ಕಾಣಿಸಿರಬೇಕು ಮತ್ತು ತಡಮಾಡದೆ ಗಮನಕ್ಕೆ ತಂದಿರಬೇಕು. ತಡವಾಗಿ ಕಾಣಿಸಿದ್ದಕ್ಕೆ ಸರಿಯಾದ ಕಾರಣ ಇದ್ದರೆ ರಜೆ ಕೊಡುವ ಅಧಿಕಾರಿ ಒಪ್ಪಬಹುದು. ಎರಡು, ಎಷ್ಟು ದಿನ ಬೇಕು ಅನ್ನುವುದನ್ನು ನೀವು ಹೇಳುವಂತಿಲ್ಲ, ವೈದ್ಯರ ಪ್ರಮಾಣಪತ್ರ ಹೇಳಬೇಕು. ಆ ಪ್ರಮಾಣಪತ್ರದಲ್ಲಿ "ವಿಶ್ರಾಂತಿ ಅವಶ್ಯ" ಅಂತ ಮಾತ್ರ ಇದ್ದರೆ ಸಾಲದು. "ದಿನಾಂಕ ಇಂಥದ್ದರಂದು ಕರ್ತವ್ಯದಲ್ಲಿ ಆದ ಗಾಯದ ಕಾರಣ" ಅನ್ನುವ ಮಾತು ಬರಲಿ.

ಅರ್ಜಿ ಉದ್ದ ಬೇಡ. ಹೀಗೆ ಬರೆಯಿರಿ:

"ಮಾನ್ಯರೇ, ದಿನಾಂಕ ... ರಂದು ಠಾಣಾ ದಿನಚರಿ ಕ್ರಮಸಂಖ್ಯೆ ... ರಲ್ಲಿ ನಮೂದಾದಂತೆ, ರಕ್ಷಣಾ ಕರ್ತವ್ಯದಲ್ಲಿದ್ದಾಗ ನನ್ನ ಬಲಗೈ ಹೆಬ್ಬೆರಳಿಗೆ ಗಾಯವಾಗಿದ್ದು, ವೈದ್ಯರು ... ರಿಂದ ... ರವರೆಗೆ ಕರ್ತವ್ಯಕ್ಕೆ ಹಾಜರಾಗದಂತೆ ಸೂಚಿಸಿದ್ದಾರೆ. ಸದರಿ ಅವಧಿಗೆ ನಿಯಮ ... ರ ಪ್ರಕಾರ ಸ್ಪೆಷಲ್ ಡಿಸೆಬಿಲಿಟಿ ಲೀವ್ ಮಂಜೂರು ಮಾಡಲು ಕೋರುತ್ತೇನೆ. ಈ ಕೋರಿಕೆ ತೀರ್ಮಾನವಾಗುವವರೆಗೆ ನನ್ನ ಖಾತೆಯಿಂದ ಬೇರೆ ರಜೆ ಹಾಕಿದರೆ, ಅದನ್ನು ಮುಂದೆ ಬದಲಾಯಿಸಿಕೊಳ್ಳುವ ಹಕ್ಕು ಕಾಯ್ದಿರಿಸಿಕೊಂಡಿದ್ದೇನೆ."

ಕೊನೆಯ ವಾಕ್ಯ ಬಿಡಬೇಡಿ. ಮಂಜೂರಾತಿ ಮೇಲಿನ ಕಚೇರಿಯಿಂದ ಬರುವುದು ತಡವಾಗುತ್ತದೆ, ಎಚ್.ಆರ್.ಎಂ.ಎಸ್. ಅನ್ನುವ ಪಗಾರದ ಕಂಪ್ಯೂಟರ್ ವ್ಯವಸ್ಥೆಯಲ್ಲಿ ಆ ತಿಂಗಳ ಪಗಾರ ಮಾಡಬೇಕಲ್ಲ, ಅದಕ್ಕೆ ಯಾವುದೋ ಒಂದು ರಜೆ ತೋರಿಸಲೇಬೇಕಾಗುತ್ತದೆ. ಮನೆ ನಡೆಯಬೇಕು, ಹಾಕಲಿ ಬಿಡಿ. ಆದರೆ ಅದು ತಾತ್ಕಾಲಿಕ ಅಂತ ಕಾಗದದ ಮೇಲೆ ಇರಲಿ. ಅರ್ಜಿಯ ಎರಡನೇ ಪ್ರತಿ ಮೇಲೆ ಸೀಲು, ಸಹಿ, ತಾರೀಖು ಪಡೆಯಿರಿ. ಯಾರೂ ಸಹಿ ಹಾಕುತ್ತಿಲ್ಲವಾ? ಸ್ಪೀಡ್ ಪೋಸ್ಟ್ ಮಾಡಿ ರಸೀದಿ ಇಟ್ಟುಕೊಳ್ಳಿ.

ಹೊಗೆಯಿಂದ ಆದ ಉಸಿರಿನ ತೊಂದರೆಗೂ ಇದೇ ರಜೆ ಕೇಳಬಹುದು. ಸಾಮಾನ್ಯ ನೌಕರನಿಗಿಂತ ಹೆಚ್ಚಿನ ಅಪಾಯ ಇರುವ ಕೆಲಸದಿಂದಲೇ ಬಂದ ಕಾಯಿಲೆಗೂ ನಿಯಮದಲ್ಲಿ ಜಾಗ ಇದೆ. ಸಾಬೀತು ಮಾಡುವುದು ಕಷ್ಟ, ಅದು ಬೇರೆ ಮಾತು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2022ರಲ್ಲಿ ಅಗ್ನಿಶಾಮಕ ಕೆಲಸವನ್ನೇ ಕ್ಯಾನ್ಸರ್ ತರುವ ಕೆಲಸಗಳ ಮೊದಲ ಗುಂಪಿಗೆ ಸೇರಿಸಿದೆ. ಅಮೆರಿಕದ ಬಹಳ ರಾಜ್ಯಗಳಲ್ಲಿ ಅಗ್ನಿಶಾಮಕರಿಗೆ ಕೆಲವು ಕಾಯಿಲೆ ಬಂದರೆ ಕೆಲಸದಿಂದಲೇ ಬಂದದ್ದು ಅಂತ ಕಾನೂನೇ ಮೊದಲು ಒಪ್ಪಿಕೊಳ್ಳುತ್ತದೆ. ನಮ್ಮಲ್ಲಿ ಸಾಬೀತಿನ ಹೊರೆ ನಿಮ್ಮ ಮೇಲೆ. ಹಾಗಾಗಿ ಬಿ.ಎ. ಸೆಟ್ (ಹೊಗೆಯಲ್ಲಿ ಉಸಿರಾಡುವ ಸಾಧನ) ಇಲ್ಲದೆ ಹೊಗೆಯೊಳಗೆ ಹೋದ ಪ್ರತಿ ಕರೆಯನ್ನೂ ನಿಮ್ಮದೇ ಒಂದು ನೋಟ್‌ಬುಕ್ಕಿನಲ್ಲಿ ತಾರೀಖಿನೊಂದಿಗೆ ಬರೆದಿಡಿ.

ಹಂತ 4: ಆಸ್ಪತ್ರೆ ಬಿಲ್ಲು

ಕಾಯಂ ನೌಕರರಿಗೆ 2025ರ ಅಕ್ಟೋಬರ್‌ನಿಂದ ಕರ್ನಾಟಕ ಆರೋಗ್ಯ ಸಂಜೀವಿನಿ ಯೋಜನೆ ಶುರುವಾಗಿದೆ, ಪ್ರತಿ ತಿಂಗಳು ಪಗಾರದಲ್ಲೇ ವಂತಿಗೆ ಕಟ್ ಆಗುತ್ತದೆ. ನೋಂದಾಯಿತ ಆಸ್ಪತ್ರೆಯಲ್ಲಿ ನಗದು ಕೊಡದೆ ಚಿಕಿತ್ಸೆ. ಹಾಗಾಗಿ ಪೆಟ್ಟಾಗುವ ಮೊದಲೇ ಎರಡು ಕೆಲಸ ಮಾಡಿಟ್ಟುಕೊಳ್ಳಿ: ನಿಮ್ಮ ಮತ್ತು ಮನೆಯವರ ವಿವರ ಸರಿಯಾಗಿ ಸೇರಿದೆಯಾ ನೋಡಿ, ನಿಮ್ಮ ಊರಿನ ಯಾವ ಆಸ್ಪತ್ರೆ ಪಟ್ಟಿಯಲ್ಲಿದೆ ಅಂತ ಗೋಡೆಗೆ ಅಂಟಿಸಿ. ಸುಟ್ಟ ಗಾಯಕ್ಕೆ ಪ್ರತ್ಯೇಕ ವಾರ್ಡ್ ಎಲ್ಲಿದೆ ಅನ್ನುವುದನ್ನೂ ಅದರ ಪಕ್ಕ ಬರೆಯಿರಿ. ರಾತ್ರಿ ಎರಡು ಗಂಟೆಗೆ ಇದನ್ನೆಲ್ಲ ಹುಡುಕಲು ಆಗುವುದಿಲ್ಲ.

ಪಟ್ಟಿಯಲ್ಲಿಲ್ಲದ ಆಸ್ಪತ್ರೆಗೆ ತುರ್ತಿನಲ್ಲಿ ಹೋಗಿದ್ದರೆ ತುರ್ತು ಪ್ರಮಾಣಪತ್ರ, ಎಲ್ಲ ಬಿಲ್ಲಿನ ಮೂಲ ಪ್ರತಿ, ಔಷಧಿ ಚೀಟಿ ಎಲ್ಲ ಒಟ್ಟು ಮಾಡಿ ಮರುಪಾವತಿಗೆ ಕಳಿಸಿ. ಡಿಸ್ಚಾರ್ಜ್ ಆದ ವಾರದಲ್ಲೇ ಕಳಿಸಿ, ಆಮೇಲೆ ನೋಡೋಣ ಅಂದರೆ ಚೀಟಿಗಳು ಕಳೆಯುತ್ತವೆ. ಸರ್ಕಾರಿ ದರಕ್ಕೆ ಕಡಿತವಾಗಿ ಬಂದ ಹಣ ಎಷ್ಟು, ನೀವು ಕೈಯಿಂದ ಹಾಕಿದ್ದು ಎಷ್ಟು, ಆ ವ್ಯತ್ಯಾಸ ಬರೆದಿಡಿ. ಪರಿಹಾರದ ಅರ್ಜಿಯಲ್ಲಿ ಕೆಲಸದ ಪೆಟ್ಟಿಗೆ ನಿಜವಾಗಿ ಆದ ವೈದ್ಯಕೀಯ ಖರ್ಚು ಕೇಳಲು ಅವಕಾಶ ಇದೆ, 2009ರ ತಿದ್ದುಪಡಿಯಿಂದ ಬಂದದ್ದು.

ಹಂತ 5: ಪರಿಹಾರದ ಲೆಕ್ಕ

"ಸರ್ಕಾರಿ ನೌಕರರಿಗೆ ಇದು ಬರೋದಿಲ್ಲ" ಅಂತ ಠಾಣೆಯಲ್ಲಿ ಹೇಳುವವರು ಬೇಕಾದಷ್ಟು. 1923ರ ನೌಕರರ ಪರಿಹಾರ ಕಾಯ್ದೆಯ ಎರಡನೇ ಅನುಸೂಚಿ ತೆಗೆದು ಅವರಿಗೆ ತೋರಿಸಿ. ಯಾವ ಯಾವ ಕೆಲಸದವರಿಗೆ ಬರುತ್ತದೆ ಅನ್ನುವ ಪಟ್ಟಿಯಲ್ಲಿ ಅಗ್ನಿಶಾಮಕ ದಳದ ಸೇವೆಯಲ್ಲಿರುವವರು ಅಂತ ಬಿಡಿಯಾಗಿಯೇ ಇದೆ. ಸರ್ಕಾರಿ ಇಲಾಖೆಯ ಕೆಲಸವನ್ನೂ ಈ ಕಾಯ್ದೆಯ ಮಟ್ಟಿಗೆ ವ್ಯಾಪಾರ ಅಂತಲೇ ತಿಳಿಯಬೇಕು ಅನ್ನುವ ಮಾತೂ ಅದರಲ್ಲಿದೆ.

ಒಂದು ಬದಲಾವಣೆ ಗಮನಿಸಿ. 2025ರ ನವೆಂಬರ್ 21ರಿಂದ ಸಾಮಾಜಿಕ ಭದ್ರತಾ ಸಂಹಿತೆ 2020 ಜಾರಿಗೆ ಬಂದು ಹಳೆಯ ಕಾಯ್ದೆ ಅದರೊಳಗೆ ಸೇರಿತು. ಅದಕ್ಕಿಂತ ಮೊದಲು ಆದ ಪೆಟ್ಟಿಗೆ ಹಳೆಯ ಕಾಯ್ದೆ, ಆಮೇಲಿನದಕ್ಕೆ ಸಂಹಿತೆ. ಅರ್ಜಿ ಹಾಕಿದ ದಿನ ಮುಖ್ಯವಲ್ಲ, ಪೆಟ್ಟಾದ ದಿನ ಮುಖ್ಯ. ಲೆಕ್ಕದ ಮೂಲ ಸೂತ್ರ ಎರಡರಲ್ಲೂ ಒಂದೇ.

ಸೂತ್ರ ಇದು. ಸಾವಾದರೆ ತಿಂಗಳ ಪಗಾರದ ಶೇ 50ನ್ನು ವಯಸ್ಸಿನ ಗುಣಾಂಕದಿಂದ ಗುಣಿಸಬೇಕು. ಶಾಶ್ವತ ಪೂರ್ಣ ಅಂಗವೈಕಲ್ಯಕ್ಕೆ ಶೇ 60. ಗುಣಾಂಕ ವಯಸ್ಸಾದಂತೆ ಇಳಿಯುತ್ತದೆ: 25 ವರ್ಷಕ್ಕೆ 216.91, 35ಕ್ಕೆ 197.06, 45ಕ್ಕೆ 169.44, 55ಕ್ಕೆ 135.56. ಪಗಾರ ಎಷ್ಟೇ ಇರಲಿ, 2020ರ ಜನವರಿ 3ರ ಅಧಿಸೂಚನೆ ಪ್ರಕಾರ ಲೆಕ್ಕಕ್ಕೆ ಹಿಡಿಯುವುದು 15,000 ರೂಪಾಯಿವರೆಗೆ ಮಾತ್ರ. ಇದು ಅನ್ಯಾಯ ಅಂತ ನನಗೂ ಅನ್ನಿಸುತ್ತದೆ. 40,000 ಪಗಾರದ ಚಾಲಕನ ಕೈ 15,000ದ ಲೆಕ್ಕದಲ್ಲಿ ತೂಗುತ್ತದೆ.

35 ವರ್ಷದ ಅಗ್ನಿಶಾಮಕನ ಲೆಕ್ಕ ಮಾಡೋಣ. 15,000ದ ಶೇ 60 ಅಂದರೆ 9,000. ಅದನ್ನು 197.06ರಿಂದ ಗುಣಿಸಿದರೆ 17,73,540 ರೂಪಾಯಿ. ಇದು ಪೂರ್ಣ ಅಂಗವೈಕಲ್ಯಕ್ಕೆ. ನಮ್ಮ ಬಾವಿಯ ಉದಾಹರಣೆಯಲ್ಲಿ ಹೆಬ್ಬೆರಳು ಹೋಯಿತು ಅಂದುಕೊಳ್ಳಿ. ಯಾವ ಪೆಟ್ಟಿಗೆ ಶೇಕಡಾ ಎಷ್ಟು ಅನ್ನುವ ಅನುಸೂಚಿಯಲ್ಲಿ ಹೆಬ್ಬೆರಳಿಗೆ ಶೇ 30. ಹಾಗಾದರೆ 5,32,062 ರೂಪಾಯಿ. ಸಾವಿನ ಲೆಕ್ಕ ಮಾಡಿದರೆ 7,500 ಗುಣಿಸು 197.06, ಅಂದರೆ 14,77,950.

ಕೈ ಸರಿಹೋಗುತ್ತದೆ, ಆದರೆ ಸದ್ಯ ಕೆಲಸಕ್ಕೆ ಬರಲಾಗದು ಅಂದರೆ ಹದಿನೈದು ದಿನಕ್ಕೊಮ್ಮೆ ತಿಂಗಳ ಪಗಾರದ ಶೇ 25, ಐದು ವರ್ಷದವರೆಗೆ. ಇದು ರಜೆ ಪಗಾರವೇ ಸಿಗದ ಗುತ್ತಿಗೆಯವರಿಗೆ ಬಹಳ ಉಪಯೋಗ. ಮೂರು ದಿನಕ್ಕಿಂತ ಹೆಚ್ಚು ಕೆಲಸ ತಪ್ಪಿರಬೇಕು ಅನ್ನುವುದು ಕನಿಷ್ಠ ಷರತ್ತು.

ಅನುಸೂಚಿಯಲ್ಲಿ ಇಲ್ಲದ ಪೆಟ್ಟುಗಳದ್ದೇ ಗೋಳು. ಸೊಂಟ, ಮೊಣಕಾಲು, ಸುಟ್ಟು ಬಿಗಿದ ಚರ್ಮ, ಇವಕ್ಕೆ ಶೇಕಡಾ ಎಷ್ಟು ಅಂತ ಬರೆದಿಲ್ಲ. ವೈದ್ಯರು ಅಂದಾಜು ಮಾಡಬೇಕು. ಇಲ್ಲಿ ಒಂದು ಮಾತು ಗಟ್ಟಿಯಾಗಿ ಹಿಡಿದುಕೊಳ್ಳಿ: ಅಳೆಯಬೇಕಾದದ್ದು ದೇಹದ ನಷ್ಟವನ್ನಲ್ಲ, ದುಡಿಯುವ ಶಕ್ತಿಯ ನಷ್ಟವನ್ನು. ಸುಪ್ರೀಂ ಕೋರ್ಟಿನ ಹಳೆಯ ತೀರ್ಪು ಒಂದಿದೆ, 1976ರಲ್ಲಿ ವರದಿಯಾದದ್ದು. ಎಡಗೈ ಕಳೆದುಕೊಂಡ ಬಡಗಿಯೊಬ್ಬ. ಒಂದು ಕೈಯಿಂದ ಬಡಗಿ ಕೆಲಸ ಆಗುವುದಿಲ್ಲ, ಆದ್ದರಿಂದ ಅವನ ನಷ್ಟ ನೂರಕ್ಕೆ ನೂರು ಅಂತ ಕೋರ್ಟು ಒಪ್ಪಿತು. ಮೊಣಕಾಲು ಮಡಚಲಾಗದ ಅಗ್ನಿಶಾಮಕ ಏಣಿ ಹತ್ತಬಲ್ಲನೇ? ಹೋಸ್ ಹೆಗಲ ಮೇಲೆ ಹಾಕಿಕೊಂಡು ಓಡಬಲ್ಲನೇ? ವೈದ್ಯರ ಬಳಿ ಹೋಗುವಾಗ ನಿಮ್ಮ ಕೆಲಸದಲ್ಲಿ ಏನೇನು ಮಾಡಬೇಕು ಅನ್ನುವ ಪಟ್ಟಿಯನ್ನು ಠಾಣಾಧಿಕಾರಿ ಸಹಿಯೊಂದಿಗೆ ಒಯ್ಯಿರಿ. ಮೊಣಕಾಲು ಎಷ್ಟು ಡಿಗ್ರಿ ಮಡಚುತ್ತದೆ ಅಂತ ಮಾತ್ರ ಬರೆದರೆ ಶೇ 10ಕ್ಕೆ ನಿಲ್ಲುತ್ತದೆ.

ಅರ್ಜಿ ಎಲ್ಲಿ? ಹಳೆಯ ಕಾಯ್ದೆಯ ಪ್ರಕರಣಗಳನ್ನು ನಮ್ಮ ರಾಜ್ಯದಲ್ಲಿ ಹಿರಿಯ ಸಿವಿಲ್ ನ್ಯಾಯಾಧೀಶರೇ ಪರಿಹಾರ ಆಯುಕ್ತರಾಗಿ ನೋಡುತ್ತಾರೆ. ಎರಡು ವರ್ಷದೊಳಗೆ ಹಾಕಬೇಕು. ಮೊದಲು ಇಲಾಖೆಗೆ ಲಿಖಿತ ನೋಟಿಸ್ ಕೊಡಿ. ಹಳೆಯ ಕಾಯ್ದೆಯಲ್ಲಿ ಹಣ ಕೊಡಬೇಕಾದ ದಿನದಿಂದ ಒಂದು ತಿಂಗಳು ಮೀರಿದರೆ ಶೇ 12ರ ಬಡ್ಡಿ, ಸರಿಯಾದ ಕಾರಣವಿಲ್ಲದೆ ತಡ ಮಾಡಿದ್ದರೆ ಪರಿಹಾರದ ಅರ್ಧದವರೆಗೆ ದಂಡ.

ಕಾಯಂ ನೌಕರರು ಡ್ಯೂಟಿಯ ಪೆಟ್ಟಿಗೆ ಬರುವ ಅಸಾಧಾರಣ ಪಿಂಚಣಿಯನ್ನೂ ನೋಡಬೇಕು. ಅದು ಒಂದು ಸಲದ ಹಣವಲ್ಲ, ತಿಂಗಳು ತಿಂಗಳು ಬರುವುದು. ಎರಡೂ ಕಡೆ ಅರ್ಜಿ ಹಾಕುವ ಮೊದಲು ವಕೀಲರ ಜೊತೆ ಕೂತು ಲೆಕ್ಕ ಹಾಕಿ. ಒಂದೇ ಪೆಟ್ಟಿಗೆ ಒಂದು ಕಡೆ ಪಡೆದದ್ದು ಇನ್ನೊಂದು ಕಡೆ ಕಳೆಯಬಹುದು.

ಹಂತ 6: ಗಾಡಿ ಅಪಘಾತವಾಗಿದ್ದರೆ ಗಡಿಯಾರ ಬೇರೆ

ಕರೆಗೆ ಹೋಗುವಾಗ ಕಬ್ಬಿನ ಟ್ರ್ಯಾಕ್ಟರ್‌ಗೆ ಗುದ್ದಿತು ಅನ್ನೋಣ. ಹಂಗಾಮಿನಲ್ಲಿ ಹಿಂದೆ ದೀಪವಿಲ್ಲದ ಡಬಲ್ ಟ್ರೈಲರ್ ರಸ್ತೆಯಲ್ಲಿ ಎಷ್ಟಿರುತ್ತವೆ ಅಂತ ನಿಮಗೆ ಹೇಳಬೇಕಾಗಿಲ್ಲ. ಆಗ ಮೋಟಾರು ಅಪಘಾತ ನ್ಯಾಯಮಂಡಳಿಗೂ ಹೋಗಬಹುದು, ಪರಿಹಾರ ಕಾಯ್ದೆಗೂ ಹೋಗಬಹುದು. ಎರಡರಲ್ಲಿ ಒಂದನ್ನು ಮಾತ್ರ ಆರಿಸಬೇಕು. ನ್ಯಾಯಮಂಡಳಿಯಲ್ಲಿ 15,000ದ ಮಿತಿ ಇಲ್ಲ, ಪೂರ್ತಿ ಪಗಾರದ ಮೇಲೆ ಲೆಕ್ಕ, ನೋವಿಗೂ ಹಣ. ಹಾಗಾಗಿ ಎದುರಿನವರದ್ದು ತಪ್ಪಿದ್ದರೆ ಅದೇ ಒಳ್ಳೆಯದು. ಆದರೆ 2022ರ ಏಪ್ರಿಲ್ 1ರಿಂದ ಅಲ್ಲಿ ಆರೇ ತಿಂಗಳ ಗಡುವು. ಎರಡು ವರ್ಷ ಇದೆಯಲ್ಲ ಅಂತ ಕೂತರೆ ಒಳ್ಳೆಯ ದಾರಿ ಮುಚ್ಚಿಹೋಗುತ್ತದೆ.

ನೀವೇ ಚಾಲಕರಾಗಿದ್ದು ತಪ್ಪು ನಿಮ್ಮದೇ ಆಗಿದ್ದರೆ? ನ್ಯಾಯಮಂಡಳಿಯಲ್ಲಿ ಕಷ್ಟ. ಪರಿಹಾರ ಕಾಯ್ದೆಯಲ್ಲಿ ಯಾರ ತಪ್ಪು ಅನ್ನುವ ಪ್ರಶ್ನೆಯೇ ಮುಖ್ಯವಲ್ಲ, ಕೆಲಸದ ಮೇಲೆ ಆಯಿತೇ ಅನ್ನುವುದಷ್ಟೇ. ಅಲ್ಲಿಗೇ ಹೋಗಿ. ಎಫ್.ಐ.ಆರ್., ಸ್ಥಳ ಪಂಚನಾಮೆ, ಗಾಡಿಯ ವಿಮೆ ಪ್ರತಿ ಎರಡೂ ದಾರಿಗೆ ಬೇಕು.

ಜೊತೆಗೆ ಪಗಾರದ ಬ್ಯಾಂಕ್ ಖಾತೆ ಯಾವ ನಮೂನೆಯದ್ದು ಕೇಳಿ. ಸ್ಯಾಲರಿ ಪ್ಯಾಕೇಜ್ ಖಾತೆಗಳಿಗೆ ಅಪಘಾತ ವಿಮೆ ಅಂಟಿಕೊಂಡೇ ಇರುತ್ತದೆ, ಬಹಳ ಮನೆಯವರಿಗೆ ಗೊತ್ತೇ ಇರುವುದಿಲ್ಲ. ವರ್ಷಕ್ಕೆ 20 ರೂಪಾಯಿಯ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಇದ್ದರೆ ಅಪಘಾತದ ಸಾವಿಗೆ 2 ಲಕ್ಷ, ಭಾಗಶಃ ಶಾಶ್ವತ ಅಂಗವೈಕಲ್ಯಕ್ಕೆ 1 ಲಕ್ಷ. ಇವು ಬೇರೆ ಪರಿಹಾರದಿಂದ ಕಳೆಯುವ ಹಣವಲ್ಲ.

ಹಂತ 7: ಮತ್ತೆ ಗಾಡಿ ಹತ್ತಲು ಆಗದಿದ್ದರೆ

"ಅನ್‌ಫಿಟ್ ಅಂತ ಬರೆದುಕೊಡ್ತೀನಿ, ಸ್ವಯಂ ನಿವೃತ್ತಿ ತಗೊಳ್ರಿ" ಅಂದರೆ ಆ ದಿನ ಯಾವ ಕಾಗದಕ್ಕೂ ಸಹಿ ಹಾಕಬೇಡಿ. ಅಂಗವಿಕಲರ ಹಕ್ಕುಗಳ ಕಾಯ್ದೆ 2016ರ ಸೆಕ್ಷನ್ 20(4) ಓದಿ. ಸೇವೆಯಲ್ಲಿರುವಾಗ ಅಂಗವೈಕಲ್ಯ ಬಂದ ನೌಕರನನ್ನು ಸರ್ಕಾರಿ ಸಂಸ್ಥೆ ತೆಗೆಯುವಂತಿಲ್ಲ, ದರ್ಜೆ ಇಳಿಸುವಂತಿಲ್ಲ. ಹಿಂದಿನ ಕೆಲಸ ಆಗದಿದ್ದರೆ ಅದೇ ವೇತನ ಶ್ರೇಣಿಯ ಬೇರೆ ಹುದ್ದೆ ಕೊಡಬೇಕು. ಅಂಥ ಹುದ್ದೆ ಇಲ್ಲವಾದರೆ ಸಿಗುವವರೆಗೆ ಅಥವಾ ನಿವೃತ್ತಿಯವರೆಗೆ ಹೆಚ್ಚುವರಿ ಹುದ್ದೆಯಲ್ಲಿ ಇಟ್ಟುಕೊಳ್ಳಬೇಕು. ಕಂಟ್ರೋಲ್ ರೂಮ್, ಸ್ಟೋರ್, ತರಬೇತಿ, ಕಚೇರಿ, ಕೆಲಸ ಎಷ್ಟೋ ಇದೆ. ಯು.ಡಿ.ಐ.ಡಿ. ಕಾರ್ಡ್ (ಅಂಗವೈಕಲ್ಯದ ಗುರುತಿನ ಚೀಟಿ) ಮಾಡಿಸಿ, ಬದಲಿ ಹುದ್ದೆ ಕೇಳಿ ಲಿಖಿತ ಅರ್ಜಿ ಕೊಡಿ. ಸ್ವಯಂ ನಿವೃತ್ತಿ ನೀವೇ ಕೇಳಿಕೊಂಡರೆ ಈ ರಕ್ಷಣೆ ನೀವೇ ಬಿಟ್ಟುಕೊಟ್ಟಂತೆ.

ಹಂತ 8: ಮನೆಯವರಿಗಾಗಿ

ಇದನ್ನು ನಿಮ್ಮ ಹೆಂಡತಿಗೋ ತಮ್ಮನಿಗೋ ತೋರಿಸಿಡಿ. ನೌಕರ ಡ್ಯೂಟಿಯಲ್ಲಿ ತೀರಿಕೊಂಡರೆ ಪರಿಹಾರ ಕಾಯ್ದೆಯ ಹಣ ನೇರ ಮನೆಯವರ ಕೈಗೆ ಕೊಡುವಂತಿಲ್ಲ, ಆಯುಕ್ತರಲ್ಲಿ ಠೇವಣಿ ಇಡಬೇಕು, ಅವರು ಹಂಚುತ್ತಾರೆ. ಯಾರಾದರೂ ಮನೆಗೆ ಬಂದು ಚೆಕ್ ಕೊಟ್ಟು ಎಲ್ಲ ಮುಗಿಯಿತು ಅಂತ ಸಹಿ ಕೇಳಿದರೆ ಹಾಕಬೇಡಿ. ಅನುಕಂಪದ ಕೆಲಸಕ್ಕೆ 1996ರ ನಿಯಮಗಳ ಪ್ರಕಾರ ಒಂದು ವರ್ಷದೊಳಗೆ ಅರ್ಜಿ ಹೋಗಬೇಕು. ದುಃಖದಲ್ಲಿ ಆ ವರ್ಷ ಬೇಗ ಕಳೆಯುತ್ತದೆ, ತಿಥಿ ಕಾರ್ಯ ಮುಗಿದ ಕೂಡಲೇ ಯಾರಾದರೊಬ್ಬರು ಜವಾಬ್ದಾರಿ ತೆಗೆದುಕೊಳ್ಳಿ. ಕುಟುಂಬ ಪಿಂಚಣಿ, ಕೆ.ಜಿ.ಐ.ಡಿ. (ಸರ್ಕಾರಿ ವಿಮಾ ಇಲಾಖೆ) ಪಾಲಿಸಿ, ಗುಂಪು ವಿಮೆ ಬೇರೆ ಬೇರೆ ಅರ್ಜಿಗಳು. 2006ರ ಏಪ್ರಿಲ್ 1ರ ನಂತರ ಸೇರಿದವರಾದರೆ ಎನ್.ಪಿ.ಎಸ್. (ಹೊಸ ಪಿಂಚಣಿ ಯೋಜನೆ) ಖಾತೆಯ ನಾಮಿನಿ ಯಾರು ಅಂತ ಇವತ್ತೇ ನೋಡಿ. ಮದುವೆಗೆ ಮೊದಲು ಅಪ್ಪನ ಹೆಸರು ಹಾಕಿ ಹಾಗೇ ಬಿಟ್ಟವರು ಬಹಳ.

ಹಂತ 9: ಆಗುವುದಿಲ್ಲ ಅಂದರೆ

ಮೊದಲು ಆ ಮಾತನ್ನು ಬರವಣಿಗೆಯಲ್ಲಿ ಪಡೆಯಿರಿ. ಬಾಯಿಮಾತಿನ "ಆಗೋದಿಲ್ಲ" ಮೇಲೆ ಮೇಲ್ಮನವಿ ಇಲ್ಲ.

ರಜೆ, ಪಗಾರ, ಬದಲಿ ಹುದ್ದೆ, ಪಿಂಚಣಿ ಇವು ಸೇವಾ ವಿಷಯ. ಕಾಯಂ ನೌಕರರು ರಾಜ್ಯ ಆಡಳಿತ ನ್ಯಾಯಮಂಡಳಿಗೆ ಹೋಗಬೇಕು, ಅದರ ಪೀಠ ಬೆಳಗಾವಿಯಲ್ಲೇ ಇದೆ, ಬೆಂಗಳೂರಿಗೆ ಓಡಬೇಕಿಲ್ಲ. ಅಂತಿಮ ಆದೇಶ ಬಂದ ಒಂದು ವರ್ಷದೊಳಗೆ ಹಾಕಬೇಕು. ಮನವಿ ಕೊಟ್ಟು ಉತ್ತರವೇ ಬರದಿದ್ದರೆ ಆರು ತಿಂಗಳು ಕಾದು, ಅಲ್ಲಿಂದ ಒಂದು ವರ್ಷ. ಜ್ಞಾಪನಾ ಪತ್ರ ಬರೆಯುತ್ತಾ ಕೂತರೆ ಈ ವರ್ಷ ಹೊಸದಾಗಿ ಶುರುವಾಗುವುದಿಲ್ಲ, ಅದನ್ನು ಬಹಳ ಜನ ತಪ್ಪು ತಿಳಿದಿದ್ದಾರೆ.

ಪರಿಹಾರದ ಆದೇಶದ ಮೇಲಿನ ಮೇಲ್ಮನವಿ ಹೈಕೋರ್ಟಿಗೆ, 60 ದಿನದೊಳಗೆ, ಅದೂ ಕಾನೂನಿನ ಗಂಭೀರ ಪ್ರಶ್ನೆ ಇದ್ದರೆ ಮಾತ್ರ. ಆಯುಕ್ತರು ಹಣ ಕೊಡಿ ಅಂತ ಹೇಳಿದ್ದರೆ ಮಾಲೀಕರು ಅದನ್ನು ಠೇವಣಿ ಇಟ್ಟೇ ಮೇಲ್ಮನವಿ ಹಾಕಬೇಕು. ಬೆಳಗಾವಿ, ಬಾಗಲಕೋಟೆಯವರಿಗೆ ಧಾರವಾಡ ಪೀಠ. ವಿಜಯಪುರದವರಿಗೆ ಕಲಬುರಗಿ ಪೀಠ, ಧಾರವಾಡಕ್ಕೆ ಹೋಗಿ ವಕೀಲರನ್ನು ಹಿಡಿದು ಬರಬೇಡಿ.

ವಕೀಲರ ಫೀಸಿಗೆ ಹೆದರಿ ಬಿಡುವುದು ಬೇಡ. ಪ್ರತಿ ಜಿಲ್ಲಾ ಕೋರ್ಟಿನಲ್ಲಿ ಕಾನೂನು ಸೇವೆಗಳ ಪ್ರಾಧಿಕಾರ ಇದೆ. ಹೆಂಗಸರು, ಪರಿಶಿಷ್ಟ ಜಾತಿ ಪಂಗಡದವರು, ಅಂಗವೈಕಲ್ಯ ಇರುವವರಿಗೆ ಆದಾಯ ಎಷ್ಟಿದ್ದರೂ ವಕೀಲರು ಉಚಿತ. 15100ಕ್ಕೆ ಫೋನ್ ಮಾಡಿ ಕೇಳಬಹುದು. ಹೋಗುವಾಗ ದಿನಚರಿ ಪುಟದ ಪ್ರತಿ, ಎಂ.ಎಲ್.ಸಿ. ನಂಬರ್, ಸೀಲು ಹಾಕಿಸಿದ ರಜೆ ಅರ್ಜಿ, ಪೆಟ್ಟಾದ ತಿಂಗಳ ಪೇ ಸ್ಲಿಪ್, ವಯಸ್ಸಿನ ದಾಖಲೆ, ಈ ಐದನ್ನು ಒಂದೇ ಫೈಲಿನಲ್ಲಿ ಇಟ್ಟುಕೊಂಡು ಹೋಗಿ.